ಇಪ್ಪತ್ತು ಸಾವಿರ ಅಡಿ ಮೇಲೆ ಹೇಳದ ಮಾತು

ಗಾಜಿನ ಆಚೆ ನಿಂತವನಿಗೆ ತನ್ನ ಮಾತು ಕೇಳಿಸುವುದಿಲ್ಲ ಎಂದು ಗೊತ್ತಾದ ಕೂಡಲೇ ಸ್ವರ್ಣಲತಾಳಿಗೆ ಎಲ್ಲಿಲ್ಲದ ಧೈರ್ಯ ಬಂತು.

“ಮೂಗು ಚಂದ ಉಂಟು,” ಅಂದಳು. “ಆ ಮೀಸೆ ಒಂದು ತೆಗೆದರೆ ಬಾಕಿ ಎಲ್ಲ ಓಕೆ.”

ಅವನು ತನ್ನ ಪಾಡಿಗೆ ವಿಮಾನದ ಬಾಗಿಲಿನ ಅಂಚಿಗೆ ಬ್ರಶ್ಶಿನಿಂದ ಸಾಬೂನು ನೀರು ಬಳಿಯುತ್ತಿದ್ದ. ಬಜಪೆ ವಿಮಾನ ನಿಲ್ದಾಣದ ಆ ಶೆಡ್ಡಿನಲ್ಲಿ ಬ್ಲೋವರೊಂದು ಭರ್ರೆಂದು ಕ್ಯಾಬಿನ್ನಿಗೆ ಗಾಳಿ ತುಂಬುತ್ತಿತ್ತು. ಗುಳ್ಳೆ ಎದ್ದ ಕಡೆ ಗಾಳಿ ಸೋರುತ್ತಿದೆ ಎಂದು ಲೆಕ್ಕ. ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕುವ ಕೆಲಸವೇ, ಸ್ವಲ್ಪ ದೊಡ್ಡದು ಅಷ್ಟೆ. ಒಳಗೆ ಕೂತು ಗೇಜಿನ ಮುಳ್ಳು ನೋಡಲು ಒಬ್ಬರು ಬೇಕಿತ್ತು. ಸೀರೆಯುಟ್ಟು ಕಾರಿನಿಂದ ಇಳಿದು ಬಂದವಳನ್ನು ವಿಮಾನದ ಮಾಲಿಕರ ಹಂಪನಕಟ್ಟೆಯ ಹೋಟೆಲ್ ಆಫೀಸಿನವಳು ಎಂದುಕೊಂಡು, “ಒಂದು ಉಪಕಾರ ಮಾಡ್ತೀರಾ?” ಎಂದು ಅವಳನ್ನು ಒಳಗೆ ಕೂರಿಸಿ ಬಾಗಿಲು ಹಾಕಿದ್ದ. ಅವಳೂ ತಿದ್ದಲು ಹೋಗಲಿಲ್ಲ.

ಅವನು ಗಾಜಿಗೆ ಬೆರಳಿನಿಂದ ತಟ್ಟಿ, ಮುಳ್ಳು ಎಲ್ಲಿದೆ ಎಂದು ಹುಬ್ಬಿನಲ್ಲೇ ಕೇಳಿದ. ಅವಳು ಬೆರಳಲ್ಲೇ ತೋರಿಸಿದಳು. ಅವನ ಕಣ್ಣು ಬೆರಳಿನ ಮೇಲಿಂದ ಅವಳ ಮುಖಕ್ಕೆ ಬಂದು, ಅಲ್ಲಿ ಬೇಕಾದ್ದಕ್ಕಿಂತ ತುಸು ಹೆಚ್ಚು ನಿಂತು, ಥಟ್ಟನೆ ಸಾಬೂನಿನ ಬಕೆಟ್ಟಿಗೆ ಇಳಿಯಿತು. ಸ್ವರ್ಣಲತಾ ನಕ್ಕಳು. ಆ ನಗೆಯೂ ಗಾಜಿನ ಈಚೆಯೇ ಉಳಿಯಿತು.

ಬಾಗಿಲು ತೆರೆದಾಗ ಕಿವಿ ಗುಯ್ ಎಂದಿತು.

“ಥ್ಯಾಂಕ್ಸ್. ಹೊಸ ಪೈಲಟ್ ಬೆಂಗಳೂರಿನಿಂದ ಯಾವಾಗ ಬರುವುದಂತೆ? ಆಫೀಸಿನಲ್ಲಿ ಎಂತ ಹೇಳಿದ್ರು?”

“ಬಂದಾಯ್ತಂತೆ.”

“ಎಲ್ಲಿ?”

“ನಿಮ್ಮ ಸಾಬೂನು ನೀರು ಅವರ ಸೀರೆಗೆ ಬಿದ್ದುಂಟು.”

ಲಿಗೋರಿ ಮಿನೇಜಸ್ ಎಂಬ ಆ ಎಂಜಿನಿಯರಿನ ಕಿವಿ ಕೆಂಪಾದದ್ದು ಅವಳಿಗೆ ಬಹಳ ಇಷ್ಟವಾಯಿತು.

ವಿಮಾನ ಅವಳ ಸೋದರಮಾವ ಚಿತ್ತರಂಜನ ಹೆಗ್ಡೆಯವರದು. ಮಂಗಳೂರು, ಬೆಂಗಳೂರು, ಬೊಂಬಾಯಿ ಮೂರೂ ಕಡೆ ಹೋಟೆಲಿದ್ದ ಅವರು ಅಮೆರಿಕದಿಂದ ಅದನ್ನು ತರಿಸಿ ನಾಲ್ಕು ವರ್ಷವಾಗಿತ್ತು. ಎಂಜಿನ್ ಒಂದೇ, ಆದರೆ ಗತ್ತು ದೊಡ್ಡ ವಿಮಾನದ್ದು. ಬಾಗಿಲಿನ ಸುತ್ತ ರಬ್ಬರಿನ ಸೀಲ್ ಉಬ್ಬಿ ಕೂರುತ್ತದೆ, ಎಂಜಿನ್ನಿನ ಟರ್ಬೋ ಒಳಕ್ಕೆ ಗಾಳಿ ಒತ್ತುತ್ತದೆ, ಹೊರಗೆ ಇಪ್ಪತ್ತು ಸಾವಿರ ಅಡಿಯ ಆಕಾಶವಿದ್ದರೂ ಒಳಗೆ ಅದರ ಅರ್ಧದಷ್ಟೇ ಎತ್ತರಕ್ಕೆ ಹೋದ ಹಾಗೆ ಇರುತ್ತದೆ. ಘಟ್ಟದ ಮೋಡಗಳನ್ನು ಕೆಳಗೆ ಬಿಟ್ಟು ಮೂಗಿಗೆ ಆಕ್ಸಿಜನ್ ಮಾಸ್ಕ್ ಕಟ್ಟಿಕೊಳ್ಳದೆ ಹಾರಬಹುದು. ಸಾಕುವುದು ಮಾತ್ರ ಆನೆ ಸಾಕಿದ ಹಾಗೆ. ಹಳೆಯ ಪೈಲಟ್ ಕ್ಯಾಪ್ಟನ್ ವಿಲ್ಲಿ ದೊಡ್ಡ ಕಂಪನಿಯ ಕೆಲಸ ಸಿಕ್ಕಿ ಹೊರಟುಹೋದ ಮೇಲೆ ಬೊಂಬಾಯಿಯ ಪಾರ್ಟಿಯೊಂದು ಕೊಳ್ಳಲು ಮುಂದೆ ಬಂದಿತ್ತು.

ಅಷ್ಟರಲ್ಲಿ ಸ್ವರ್ಣಲತಾ ಲೈಸೆನ್ಸ್ ಹಿಡಿದುಕೊಂಡು ಊರಿಗೆ ಬಂದಳು. ಅವಳಿಗೆ ಬೇಕಾದದ್ದು ಈ ಜಗತ್ತಿನಲ್ಲಿ ಒಂದೇ, ಆ ವಿಮಾನದ ಎಡಗಡೆಯ ಸೀಟು.

“ನಮ್ಮದು ಅಳಿಯಸಂತಾನದ ಮನೆ. ನನ್ನದೆಲ್ಲ ಅಕ್ಕನ ಮಗಳಾದ ನಿನಗೇ ಬರುವುದು,” ಎಂದರು ಹೆಗ್ಡೆಯವರು ಕದ್ರಿಯ ಮನೆಯ ಜಗಲಿಯಲ್ಲಿ. “ಆದರೆ ತಗೊಳ್ಳಿಕ್ಕೆ ನೀನು ಇರಬೇಕಲ್ಲ ಮಾರಾಯ್ತಿ. ಒಂದೇ ಎಂಜಿನ್. ನನಗೆ ನಿದ್ದೆ ಬರುವುದಿಲ್ಲ.”

“ವಿಲ್ಲಿ ಅಂಕಲ್ ಹಾರಿಸುವಾಗಲೂ ಒಂದೇ ಎಂಜಿನ್ ಇದ್ದದ್ದು ಮಾವ.”

“ವಿಲ್ಲಿ ನನ್ನ ಸೊಸೆ ಅಲ್ಲ.”

ಕೊನೆಗೆ ಒಂದು ಮಾತಿಗೆ ಬಂದರು. ಲಿಗೋರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳು ಇಪ್ಪತ್ತು ಸಾವಿರ ಅಡಿಗೆ ಏರಿ ಇಳಿಯಬೇಕು. ವಿಲ್ಲಿಯ ಜೊತೆ ಅಷ್ಟು ಹಾರಾಟ ನೋಡಿದವನು ಅವನು. ಅವನು ಸರಿ ಎಂದರೆ ವಿಮಾನ ಅವಳದು. ಇಲ್ಲವೆಂದರೆ ಬೊಂಬಾಯಿಗೆ.

“ಅವನಿಗೆ ನಿನ್ನ ಮೇಲೆ ದಾಕ್ಷಿಣ್ಯ ಇಲ್ಲ. ಅದಕ್ಕೇ ಅವನು,” ಎಂದರು ಮಾವ.

ದಾಕ್ಷಿಣ್ಯ ಇಲ್ಲದ್ದೇ ಅವಳ ದುಃಖವಾಗಿತ್ತು. ಊರಿಗೆಲ್ಲ ತುಳುವಿನಲ್ಲಿ ಹರಟೆ ಹೊಡೆಯುವ ಲಿಗೋರಿ ಅವಳ ಹತ್ತಿರ ಮಾತ್ರ ಕನ್ನಡ ಮಾತಾಡುತ್ತಿದ್ದ, ಅದೂ ಮೇಡಂ ಸೇರಿಸಿ. ಅವಳು ಶೆಡ್ಡಿಗೆ ಬಂದರೆ ಅವನಿಗೆ ಎಂಜಿನ್ನಿನ ಒಳಗೆ ತಲೆ ಹಾಕುವ ಕೆಲಸ ಬೀಳುತ್ತಿತ್ತು. ಆದರೂ ಅವಳು ಬೆನ್ನು ತಿರುಗಿಸಿದಾಗ ಸ್ಪ್ಯಾನರಿನ ಸದ್ದು ನಿಲ್ಲುತ್ತಿತ್ತು. ತಿರುಗಿ ನೋಡಿದರೆ ಮತ್ತೆ ಶುರು.

“ಲಿಗೋರಿ, ನಾನು ಹಾರಿಸುವುದು ನಿಮಗೆ ಇಷ್ಟ ಇಲ್ವಾ?” ಎಂದು ಒಮ್ಮೆ ಕೇಳಿಯೇಬಿಟ್ಟಳು.

“ಇಷ್ಟದ ಪ್ರಶ್ನೆ ಅಲ್ಲ ಮೇಡಂ.”

“ಮತ್ತೆ?”

“ಆ ಟಾರ್ಚ್ ಸ್ವಲ್ಪ ಕೊಡ್ತೀರಾ?”

ಮಳೆಗಾಲ ಮುಗಿದ ಒಂದು ಬೆಳಿಗ್ಗೆ ಇಬ್ಬರೂ ಹೊರಟರು. ಬಜಪೆಯ ರನ್‌ವೇ ಗುಡ್ಡದ ನೆತ್ತಿಯಲ್ಲಿ ಮುಗಿದು ನೆಲ ಒಮ್ಮೆಲೇ ಕೆಳಗೆ ಬಿದ್ದುಹೋದಾಗ ಸ್ವರ್ಣಲತಾಳ ಎದೆ ಹಿಗ್ಗಿತು. ಎಡಕ್ಕೆ ಎರಡು ನದಿಗಳು ಸೇರುವ ಅಳಿವೆ, ಬಲಕ್ಕೆ ಸುರತ್ಕಲ್ಲಿನ ದೀಪಸ್ತಂಭ, ಎದುರಿಗೆ ಮುಗಿಯದ ಕಡಲು. ಹತ್ತು ಸಾವಿರ. ಹದಿನೈದು. ಆಕಾಶದ ನೀಲಿ ದಟ್ಟವಾಗುತ್ತ ಹೋಯಿತು. ಇಪ್ಪತ್ತು ಸಾವಿರದಲ್ಲಿ ವಿಮಾನ ಸಮನಾಗಿ ನಿಂತಾಗ ಎಂಜಿನ್ನಿನ ಸದ್ದೂ ಮೆತ್ತಗಾಯಿತು.

ಪಕ್ಕಕ್ಕೆ ನೋಡಿದಳು. ಲಿಗೋರಿ ಗೇಜುಗಳನ್ನು ನೋಡುತ್ತಿರಲಿಲ್ಲ. ಅವಳು ನೋಡಿದ್ದು ಅವನಿಗೆ ತಿಳಿಯಿತು, ಈ ಸಲ ಕಣ್ಣು ತಪ್ಪಿಸಲು ಎಂಜಿನ್ನೂ ಇಲ್ಲ, ಬಕೆಟ್ಟೂ ಇಲ್ಲ.

“ಎಂತ?” ಎಂದಳು.

ಅವನು ಬಾಯಿ ತೆರೆದ. ಅದೇ ಹೊತ್ತಿಗೆ ಅವಳ ಕಿವಿ ಟಪ್ ಎಂದಿತು.

ಕ್ಯಾಬಿನ್ನಿನೊಳಗಿನ ಎತ್ತರ ತೋರಿಸುವ ಮುಳ್ಳು ಮೇಲಕ್ಕೆ ಏರತೊಡಗಿತ್ತು. ಬಾಗಿಲಿನ ಸಂದಿಯಲ್ಲಿ ಸುಯ್ ಎಂಬ ಸದ್ದು. ಒಳಗಿನ ಗಾಳಿ ಹೊರಗೆ ಹೋಗುತ್ತಿದೆ. ಕೆಂಪು ದೀಪ ಹತ್ತಿತು.

“ಸೀಲ್ ಹೋಯ್ತು,” ಎಂದ ಲಿಗೋರಿ.

“ಮಾಸ್ಕ್ ಹಾಕಿ,” ಎಂದಳು. ತನ್ನದನ್ನು ಆಗಲೇ ಮುಖಕ್ಕೆ ಒತ್ತಿಕೊಂಡಿದ್ದಳು.

ಬೇಗ ಕೆಳಗೆ ಇಳಿಯಬೇಕು, ಆದರೆ ಕಾದ ಎಂಜಿನ್ನಿನ ಪವರನ್ನು ಒಮ್ಮೆಗೇ ಇಳಿಸಿದರೆ ಅದು ಥಂಡಿಗೆ ಬಿರುಕು ಬಿಡುತ್ತದೆ. ಇರುವುದು ಅದೊಂದೇ. ಸ್ವರ್ಣಲತಾ ಪವರನ್ನು ತುಸು ತುಸುವೇ ಇಳಿಸಿದಳು. ವೇಗ ತಗ್ಗಿದ ಮೇಲೆ ಚಕ್ರಗಳನ್ನು ಹೊರಗೆ ಬಿಟ್ಟಳು. ಅವು ಗಾಳಿಗೆ ಅಡ್ಡ ನಿಂತು ಬ್ರೇಕ್ ಹಿಡಿದಂತೆ ಆದವು. ಮೂಗು ಕೆಳಗೆ ಮಾಡಿ ಕಡಲಿನ ಕಡೆಗೆ ಇಳಿಸಿದಳು. ಹೆದರಿಕೆ ಎಲ್ಲೋ ಹಿಂದಿನ ಸೀಟಿನಲ್ಲಿ ಕೂತ ಹಾಗಿತ್ತು, ಕೈಗೆ ಬರಲಿಲ್ಲ. ನಿಜ ಹೇಳಬೇಕೆಂದರೆ ಅವಳು ಬದುಕಿನಲ್ಲಿ ಅಷ್ಟು ಖುಷಿಯಾಗಿ ಎಂದೂ ಇರಲಿಲ್ಲ.

“ಎಂಜಿನ್ ಹೀಟ್ ಹೇಗುಂಟು?”

“ಸರಿ ಉಂಟು. ಹೀಗೇ ಇರ್ಲಿ.”

ಹತ್ತು ಸಾವಿರದ ಕೆಳಗೆ ಬಂದು ಮಾಸ್ಕ್ ತೆಗೆದಾಗ ಇಬ್ಬರ ಮುಖದಲ್ಲೂ ಅದರ ಗುರುತು ಬಿದ್ದಿತ್ತು.

“ಆಗ ಎಂತದೋ ಹೇಳ್ಲಿಕ್ಕೆ ಹೊರಟಿದ್ರಿ.”

“ಎಂತ ಇಲ್ಲ ಮೇಡಂ.”

ಗುಡ್ಡದ ನೆತ್ತಿಯ ಮೇಲೆ ಚಕ್ರಗಳು ಹಗುರವಾಗಿ ತಾಗಿದವು. ಟರ್ಬೋ ತಣಿಯುವವರೆಗೆ ಎಂಜಿನ್ ಆರಿಸುವಂತಿಲ್ಲ, ಸುಮ್ಮನೆ ಓಡುತ್ತಿರಬೇಕು. ಶೆಡ್ಡಿನ ಎದುರು ಇಬ್ಬರೂ ಕೂತೇ ಇದ್ದರು. ಅವಳು ಕಾದಳು. ಮಾತಾಡಲು ಅದಕ್ಕಿಂತ ಒಳ್ಳೆಯ ಹೊತ್ತು ಯಾರಿಗೂ ಸಿಗಲಿಕ್ಕಿಲ್ಲ. ಅವನು ಹೀಟಿನ ಗೇಜನ್ನೇ ನೋಡುತ್ತ ಕೂತ.

ಎಂಜಿನ್ ನಿಂತಾಗ ಹೆಗ್ಡೆಯವರು ಕೊಡೆ ಊರಿಕೊಂಡು ಹತ್ತಿರ ಬಂದಿದ್ದರು. ಸೊಸೆಯ ಮುಖವನ್ನು ನೋಡಲಿಲ್ಲ, ಲಿಗೋರಿಯ ಮುಖವನ್ನೇ ನೋಡಿದರು.

“ಹೇಳು.”

“ಮೇಲೆ ಸೀಲ್ ಹೋಯ್ತು ಸರ್. ಸೀಲಿಗೆ ಗಾಳಿ ಕೊಡುವ ಸಣ್ಣ ಪೈಪು ಬಿಟ್ಟಿರಬೇಕು. ಅಂಚು ನೋಡಿದೆ, ಪೈಪು ನೋಡಲಿಲ್ಲ. ನನ್ನ ತಪ್ಪು.”

“ಅವಳು?”

“ಅವರು ಎಂಜಿನ್ ಉಳಿಸಿದ್ರು, ನನ್ನನ್ನೂ ಉಳಿಸಿದ್ರು. ವಿಲ್ಲಿ ಸರ್ ಇದ್ದಿದ್ರೂ ಇದಕ್ಕಿಂತ ಚಂದ ಮಾಡ್ತಿರಲಿಲ್ಲ.”

ಹೆಗ್ಡೆಯವರ ಬಿಗಿದ ಹೆಗಲು ಸಡಿಲವಾಯಿತು. ಸ್ವರ್ಣಲತಾಳಿಗೆ ನೆಲ ಕಾಲಿಗೆ ತಾಗದಂತಾಯಿತು. ಅಷ್ಟರಲ್ಲಿ ಲಿಗೋರಿ ಮತ್ತೆ ಬಾಯಿ ತೆರೆದ.

“ಆದ್ರೆ ನನ್ನ ಮಾತನ್ನು ನೀವು ಹಿಡಿಯಬಾರದು ಸರ್.”

“ಯಾಕೆ?”

“ದಾಕ್ಷಿಣ್ಯ ಇಲ್ಲ ಅಂತ ನನ್ನನ್ನು ಕೂರಿಸಿದ್ರಿ. ನನಗೆ ಅವರ ಮೇಲೆ ಪ್ರೀತಿ ಉಂಟು. ಬಂದ ದಿನದಿಂದ ಉಂಟು. ಹಾರುವ ಮೊದಲೇ ಹೇಳಬೇಕಿತ್ತು, ಧೈರ್ಯ ಸಾಲಲಿಲ್ಲ. ಬೇರೆ ಯಾರನ್ನಾದರೂ ಕೂರಿಸಿ ನೋಡಿ.”

ಸ್ವರ್ಣಲತಾ ಹಿಡಿದುಕೊಳ್ಳಲು ರೆಕ್ಕೆಯ ಕೆಳಗೆ ಕಂಬ ಹುಡುಕಿದಳು, ಆ ವಿಮಾನದ ರೆಕ್ಕೆಗೆ ಕಂಬವೇ ಇರಲಿಲ್ಲ. ಕೈಗೆ ಬಂದ ವಿಮಾನ ಒಂದೇ ಮಾತಿಗೆ ಬೊಂಬಾಯಿಯ ದಾರಿ ಹಿಡಿಯಿತು ಎಂದು ಸಿಟ್ಟು ಬರಬೇಕಿತ್ತು. ಬಂದದ್ದು ಸಿಟ್ಟಲ್ಲ. ಸಂತೋಷಕ್ಕೆ ಅವಳ ಕಣ್ಣು ತುಂಬಿತು.

ಹೆಗ್ಡೆಯವರು ಕೊಡೆಯ ತುದಿಯಿಂದ ನೆಲ ಕುಕ್ಕಿದರು.

“ಪ್ರೀತಿ ಉಂಟು ಅಂತೀಯ. ಮತ್ತೆ ನಾಳೆ ಅವಳನ್ನು ಇದೇ ಪ್ಲೇನಿನಲ್ಲಿ ಮೇಲೆ ಕಳಿಸ್ತೀಯಾ?”

“ಪೈಪು ಹಾಕಿದ ಮೇಲೆ ಕಳಿಸ್ತೇನೆ ಸರ್.”

“ಹೆದರಿಕೆ ಆಗುವುದಿಲ್ವಾ?”

“ಆಗ್ತದೆ. ಆದ್ರೂ ಕಳಿಸ್ತೇನೆ. ಅವರಿಗೆ ಬರ್ತದೆ ಸರ್, ಹಾರಿಸ್ಲಿಕ್ಕೆ.”

“ನನಗೂ ಇದೇ ಹೆದರಿಕೆ ಮಾರಾಯ,” ಎಂದರು ಹೆಗ್ಡೆಯವರು ನಿಧಾನವಾಗಿ. “ಅವಳು ಬಿದ್ದರೆ ಎಂತ ನಷ್ಟವೂ ಇಲ್ಲದವನು ಸರಿ ಅಂದಿದ್ರೆ ನಾನು ರಾತ್ರಿಯಿಡೀ ಆಲೋಚನೆ ಮಾಡ್ತಿದ್ದೆ. ನೀನು ಅಂದದ್ದು ಸಾಕು. ಬೊಂಬಾಯಿಗೆ ಫೋನ್ ಮಾಡ್ತೇನೆ, ಪ್ಲೇನ್ ಕೊಡ್ಲಿಕ್ಕಿಲ್ಲ ಅಂತ.”

ಕಾರಿನ ಬಾಗಿಲು ತೆರೆದು ಒಂದು ಕಾಲು ಒಳಗಿಟ್ಟು ತಿರುಗಿದರು.

“ನಿನ್ನ ಪ್ರೀತಿಯ ವಿಷಯ ಅವಳಿಗೆ ಬಿಟ್ಟದ್ದು. ಅಕ್ಕನ ಹತ್ತಿರ ನೀವೇ ಹೋಗಿ ಹೇಳಿ. ನನ್ನನ್ನು ಅದಕ್ಕೆ ಎಳೀಬೇಡಿ.”

ಕಾರು ಗುಡ್ಡ ಇಳಿದು ಮರೆಯಾಯಿತು. ಲಿಗೋರಿ ಆಗಲೇ ಬಾಗಿಲಿನ ಪಕ್ಕದ ಸ್ಕ್ರೂ ಬಿಚ್ಚಲು ಶುರುಮಾಡಿದ್ದ.

“ಇಪ್ಪತ್ತು ಸಾವಿರ ಅಡಿ ಮೇಲೆ ಇಬ್ಬರೇ ಇದ್ದೆವು,” ಎಂದಳು ಸ್ವರ್ಣಲತಾ. “ಸುತ್ತ ಒಂದು ಕಾಗೆಯೂ ಇರಲಿಲ್ಲ. ಅಲ್ಲಿ ಹೇಳ್ಲಿಕ್ಕೆ ಆಗದ್ದನ್ನು ಇಲ್ಲಿ ಮಾವನ ಎದುರು ಹೇಳುವುದಾ?”

“ಮೇಲೆ ಹೇಳಿ, ನೀವು ಬೇಡ ಅಂದಿದ್ರೆ? ನನಗೆ ಎದ್ದು ಹೋಗ್ಲಿಕ್ಕೆ ಜಾಗ ಎಲ್ಲಿತ್ತು?”

“ಈಗ ಜಾಗ ಉಂಟಲ್ಲ. ಹೋಗ್ತೀರಾ?”

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. ಅಷ್ಟು ದಿನ ಬೆನ್ನಿನ ಹಿಂದೆ ಮಾತ್ರ ಅವಳನ್ನು ನೋಡುತ್ತಿದ್ದ ಕಣ್ಣು ಈಗ ನೇರ ಅವಳ ಕಣ್ಣಿನಲ್ಲಿತ್ತು, ಕದಲಲಿಲ್ಲ.

“ಇಲ್ಲ,” ಎಂದ.

“ನಾನು ಬೇಡ ಅನ್ನುವುದೂ ಇಲ್ಲ,” ಎಂದು ಅವಳು ಗ್ರೀಸ್ ಮೆತ್ತಿದ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬಿಡಿಸಿಕೊಳ್ಳಲು ಅವನೂ ನೋಡಲಿಲ್ಲ.

“ಪೈಪು ಇವತ್ತೇ ಹಾಕ್ತೀರಾ?”

“ಹಾಕ್ತೇನೆ. ಸಂಜೆ ಒಳಗೆ ಆಗ್ತದೆ.”

“ಹಾಕಿ. ಆಮೇಲೆ ಕೈ ತೊಳ್ಕೊಳ್ಳಿ. ಕದ್ರಿಗೆ ಹೋಗುವ, ಅಮ್ಮ ಮನೆಯಲ್ಲಿ ಇರ್ತಾರೆ.”