ಪರದೆಯ ಮೇಲೊಂದು ಕಪ್ಪು ಚುಕ್ಕೆ

"ಇದನ್ನ ವಾಪಸ್ ತಗೊಳ್ಳಿ."

ಅವಳು ಮಾನಿಟರಿನ ಪೆಟ್ಟಿಗೆಯನ್ನು ಕೌಂಟರಿನ ಮೇಲೆ ಇಟ್ಟಳು ಎನ್ನುವುದಕ್ಕಿಂತ ಕುಕ್ಕಿದಳು ಎನ್ನಬೇಕು. ಹಳೆಯ ಫೋಟೋಗಳ ಕಲೆ, ಬಿರುಕು ತಿದ್ದಿಕೊಡುವುದು ಅವಳ ಕಸುಬು. ಕೂದಲೆಳೆಯೂ ಸ್ಪಷ್ಟವಾಗಿ ಕಾಣಲೆಂದು ಆನ್‌ಲೈನಿನಲ್ಲಿ ಹುಡುಕಿ ಹುಡುಕಿ, ವಿದೇಶದಿಂದ ಬಂದ ಈ ಅಗ್ಗದ ಮಾನಿಟರನ್ನು ಊರಿನದೇ ಈ ಅಂಗಡಿಯಿಂದ ತರಿಸಿದ್ದಳು.

"ಏನಾಯ್ತು ಮೇಡಂ?" ಎಂದ ಮಾರಿದವನು.

"ನಟ್ಟನಡುವೆ ಕಪ್ಪು ಚುಕ್ಕೆ."

"ಒಂದು ಚುಕ್ಕೆ ಬೆಳಗಲ್ಲ, ಅದಕ್ಕೇ ಈ ಬೆಲೆ ಅಂತ ಜಾಹೀರಾತಲ್ಲೇ ಹಾಕಿದ್ದೆ."

"ಬೆಲೆ ನೋಡಿದೆ... ಕೆಳಗೆ ಓದ್ಲಿಲ್ಲ."

ಅವನು ನಕ್ಕುಬಿಟ್ಟ. ಅವಳಿಗೂ ನಗು ತಡೆಯಲಾಗಲಿಲ್ಲ.

"ಬೇರೆಯದು ಬರೋವರೆಗೆ ಇದನ್ನೇ ಇಟ್ಕೊಳ್ಳಿ."

ಬೇರೆಯದು ಅವಳ ಕೈಗೆ ಬರಲೇ ಇಲ್ಲ. ಅದರ ನೆಪದಲ್ಲಿ ಅವನೇ ಅವಳ ಮನೆಗೆ ಬರತೊಡಗಿದ. "ಕೆಟ್ಟಿರೋದು ಮಾನಿಟರೋ, ಮಾರಿದವನ ತಲೆಯೋ?" ಎಂದು ಅವಳ ಅಕ್ಕ ರೇಗಿಸುತ್ತಿದ್ದಳು.

ಒಂದು ದಿನ ಅವನು ತೀರಿಹೋದ ತಾಯಿಯ ಫೋಟೋ ತಂದ.

"ಅಮ್ಮಂದು ಅಂತ ಇದೊಂದೇ ಇರೋದು."

ಫೋಟೋ ಚೌಕಟ್ಟಿನ ಗಾಜಿಗೆ ಅಂಟಿಹೋಗಿತ್ತು. ಅವಳು ಹಾಗೆಯೇ ಸ್ಕ್ಯಾನ್ ಮಾಡಿಕೊಂಡಳು. ಆಮೇಲೆ ಇಬ್ಬರೂ ಸೇರಿ ಬಿಡಿಸಲು ಹೋದಾಗ ಅದು ಪುಡಿಪುಡಿಯಾಯಿತು. ಉಳಿದದ್ದು ಕಂಪ್ಯೂಟರಿನಲ್ಲಿದ್ದ ಪ್ರತಿ ಮಾತ್ರ. ಅದನ್ನೇ ಅವಳು ಮನಸ್ಸಿಟ್ಟು ತಿದ್ದಿದಳು. ಮುಗಿದ ದಿನ ಪರದೆಯನ್ನು ಅವನತ್ತ ತಿರುಗಿಸಿ, ಏನು ಹೇಳುತ್ತಾನೋ ಎಂದು ಆಸೆಯಿಂದ ನೋಡಿದಳು.

"ಚೆನ್ನಾಗಿದೆ," ಎಂದ. ಕೂರದೆಯೇ ಹೊರಟುಹೋದ.

ಮತ್ತೆ ಬರಲಿಲ್ಲ. ಫೋನೂ ಎತ್ತಲಿಲ್ಲ.

'ನನ್ನ ಕೆಲಸ ಹಿಡಿಸಲಿಲ್ಲವೋ... ನಾನೇ ಹಿಡಿಸಲಿಲ್ಲವೋ?'

ಅತ್ತು ಅತ್ತು ಸಾಕಾಗಿ, ಕೊನೆಗೆ ಅವಳೇ ಅಂಗಡಿಗೆ ಹೋದಳು.

"ನಾನೇನು ತಪ್ಪು ಮಾಡಿದೆ, ಹೇಳ್ಬಿಡಿ."

ಅವನು ಕೈಯಲ್ಲಿದ್ದ ಕೇಬಲ್ ಸುತ್ತುತ್ತಲೇ ಇದ್ದ. "ಅಮ್ಮನ ಕೆನ್ನೆ ಮೇಲೊಂದು ಮಚ್ಚೆ ಇತ್ತು. ಚಿಕ್ಕೋನಿದ್ದಾಗ ಅದರ ಮೇಲೆ ಬೆರಳಿಟ್ಕೊಂಡೇ ನಿದ್ದೆ ಮಾಡ್ತಿದ್ದೆ."

ಚುಕ್ಕೆ ಕಂಡಲ್ಲೆಲ್ಲ ಅಳಿಸಿ ರೂಢಿಯಾದ ಕೈ, ಕಲೆಯೆಂದುಕೊಂಡು ಮಚ್ಚೆಯನ್ನೂ ಅಳಿಸಿತ್ತು. ತಿದ್ದುವ ಮೊದಲಿನ ಪ್ರತಿಯನ್ನೂ ಅವಳು ಇಟ್ಟುಕೊಂಡಿರಲಿಲ್ಲ.

"ಆಗ್ಲೇ ಯಾಕೆ ಹೇಳ್ಲಿಲ್ಲ?"

"ಅಷ್ಟು ಆಸೆಯಿಂದ ತೋರಿಸಿದ್ರಿ, ಬಾಯಿ ಬರ್ಲಿಲ್ಲ. ಮತ್ತೆ ಬಂದ್ರೆ ನಿಮ್ಮೆದುರೇ ಅತ್ತುಬಿಡ್ತೀನಿ ಅನ್ನಿಸ್ತು."

"ಈಗ ಬನ್ನಿ, ನನ್ನ ಜೊತೆ," ಎಂದಳು. ಕಣ್ಣು ತುಂಬಿತ್ತು.

ಮನೆಯಲ್ಲಿ ಫೋಟೋ ತೆರೆದಳು. "ಎಲ್ಲಿತ್ತು ಅಂತ ಬೆರಳಿಟ್ಟು ತೋರಿಸಿ."

ಇಷ್ಟು ವರ್ಷವಾದರೂ ಆ ಬೆರಳು ಹುಡುಕಾಡಲಿಲ್ಲ. ಅವನು ಕೈ ತೆಗೆದ ಮೇಲೆ ಅವಳು ಚಿತ್ರವನ್ನು ಮೆಲ್ಲಗೆ ಸರಿಸುತ್ತ ಬಂದಳು. ಅವನು ತೋರಿಸಿದ ಜಾಗ ಪರದೆಯ ಆ ಬೆಳಗದ ಚುಕ್ಕೆಗೆ ಸರಿಯಾಗಿ ಬಂದಾಗ ನಿಲ್ಲಿಸಿದಳು.

ಅಮ್ಮನ ಕೆನ್ನೆಯ ಮೇಲೆ ಮಚ್ಚೆ ಇತ್ತು.

ಅವನು ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತ. ಅವಳು ಅವನ ಭುಜದ ಮೇಲೆ ಕೈಯಿಟ್ಟು ನಿಂತಳು.

"ಇದೇ ಜಾಗದಲ್ಲಿ ಮಚ್ಚೆ ಬರೆದು, ಪ್ರಿಂಟ್ ಹಾಕಿ ಕೊಡ್ಲಾ?"

"ಬೇಡ... ಹೀಗೇ ಇರ್ಲಿ. ಅಮ್ಮನ್ನ ನೋಡ್ಬೇಕು ಅನ್ನಿಸಿದಾಗ ನಾನೇ ಬರ್ತೀನಿ."

"ಬಂದು ಹೋಗೋದು ಯಾಕೆ?" ಎಂದಳು ಅವಳು. "ಇಲ್ಲೇ ಇದ್ದುಬಿಡಿ."

ಅವನು ಪರದೆಯಿಂದ ಅವಳತ್ತ ತಿರುಗಿದ.

"ನಿಮಗೊಂದು ಹೇಳ್ಬೇಕಿತ್ತು. ಬೇರೆ ಮಾನಿಟರ್ ಬಂದು ಬಹಳ ದಿನ ಆಯ್ತು. ಹೇಳಿದ್ರೆ ಇಲ್ಲಿಗೆ ಬರೋಕೆ ನೆಪ ಇರಲ್ಲ ಅಂತ ಬಚ್ಚಿಟ್ಟಿದ್ದೆ."

"ಅದನ್ನ ಯಾರಿಗಾದ್ರೂ ಮಾರಿಬಿಡಿ," ಎಂದಳು ಅವಳು, ಅವನ ಕಣ್ಣೊರೆಸುತ್ತ. "ನನಗೆ ಇದೇ ಇರ್ಲಿ."