ಮೆಂಜಿಯಾ ಅತ್ತೆ ಕೊಟ್ಟ ಮೂಳೆ

“ಅಯ್ಯೋ, ಮೂಳೆ ಎಲ್ಲಿ ಹೋಯ್ತು?”

ಅಡುಗೆಮನೆಯಲ್ಲಿ ನೇಸಾ ಒಬ್ಬಳೇ ಇದ್ದಳು. ಬೆಂಚು ಜೋಡಿಸಲು ಅಜ್ಜಿ ಬೆಳಗ್ಗೆಯೇ ಚರ್ಚಿಗೆ ಹೋಗಿದ್ದರು. “ನೇಸಾ, ಹಂದಿಮೂಳೆ ತೊಳೆದು ಸೂಪಿಗೆ ಹಾಕು. ಉರಿ ಸಣ್ಣಗಿರಲಿ” ಎಂದು ಹೇಳಿದ್ದರು. ನೇಸಾ ಮೂಳೆ ತೊಳೆದು, ನೀರಿಳಿಯಲೆಂದು ಕಿಟಕಿಯ ಹೊರಗಿಟ್ಟಿದ್ದಳು. ಈಗ ಅಲ್ಲಿ ಬರೀ ಹಿಮ. ಹಿಮದ ಮೇಲೆ ನರಿಯ ಹೆಜ್ಜೆ.

ಒಲೆಯ ಮೇಲೆ ಬಾರ್ಲಿ, ಕ್ಯಾರೆಟ್ ಕುದಿಯುತ್ತಿದ್ದವು. ಮೂಳೆಯಿಲ್ಲದಿದ್ದರೆ ಅದು ಸೂಪಲ್ಲ, ಕಾಯಿಲೆಯವರ ಗಂಜಿ.

ಪ್ರತಿ ಚಳಿಗಾಲದಲ್ಲೂ ಒಂದು ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ ಊರಿಗೆಲ್ಲ ಚರ್ಚಿನಲ್ಲೇ ಊಟ. ಇವತ್ತೇ ಆ ಭಾನುವಾರ. ಎರಡು ದೊಡ್ಡ ಪಾತ್ರೆ ಬಾರ್ಲಿ ಸೂಪು. ಒಂದು ಅಜ್ಜಿಯದು, ಇನ್ನೊಂದು ಪಕ್ಕದ ಮನೆಯ ಮೆಂಜಿಯಾ ಅತ್ತೆಯದು. ಯಾವಾಗಲೂ ಅತ್ತೆಯ ಪಾತ್ರೆಯೇ ಮೊದಲು ಖಾಲಿ. “ಈ ವರ್ಷ ನೋಡ್ತಾ ಇರು” ಎಂದು ಅಜ್ಜಿ ಎಷ್ಟು ದಿನದಿಂದ ಹೇಳುತ್ತಿದ್ದರು!

ನೇಸಾ ಪಕ್ಕದ ಮನೆಗೆ ಓಡಿದಳು.

“ಏನೇ ಇದು, ಕರಡಿ ಅಟ್ಟಿಸ್ಕೊಂಡು ಬಂತಾ?” ಎಂದರು ಮೆಂಜಿಯಾ ಅತ್ತೆ.

“ಅತ್ತೆ, ಕಿಟಕಿ ಹೊರಗೆ ಇಟ್ಟಿದ್ದ ನಮ್ಮ ಮೂಳೆ ನರಿ ಎತ್ಕೊಂಡು ಹೋಯ್ತು! ನಿಮ್ಮ ಹತ್ರ ಇದ್ರೆ ಕೊಡ್ತೀರಾ?”

“ನರಿಗೂ ಭಾನುವಾರ ಅಲ್ವೇನೇ!” ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ತಮ್ಮ ಪಾತ್ರೆಯನ್ನೇ ಒಂದು ಗಳಿಗೆ ನೋಡಿದರು. ಇಕ್ಕಳ ಹಾಕಿ, ಹಬೆಯಾಡುವ ಮೂಳೆ ಎತ್ತಿ ಬಟ್ಟಲಿಗಿಟ್ಟರು. “ಓಡು. ಮತ್ತೆ ಕಿಟಕಿ ಹೊರಗೆ ಇಟ್ಟೀಯ, ಜೋಕೆ!”

“ನಿಮಗೆ ಬೇಡ್ವಾ?”

“ನನ್ನ ಕೈರುಚಿ ಸಾಕು, ಹೋಗೇ.”

ಮಧ್ಯಾಹ್ನ ಚರ್ಚಿನಲ್ಲಿ ಅಜ್ಜಿಯ ಪಾತ್ರೆಯ ತಳ ಕಂಡಿತು. ನೇಸಾಳ ಕ್ಲಾಸಿನ ಡೂರಿ ಅದನ್ನೂ ಕೆರೆಯುತ್ತಿದ್ದ. ಅತ್ತೆಯ ಪಾತ್ರೆಯಲ್ಲಿ ಇನ್ನೂ ಅರ್ಧ ಉಳಿದಿತ್ತು.

“ಏನೇ ಮೆಂಜಿಯಾ, ನಿನ್ನ ಸೂಪು ಸಪ್ಪೆ! ವಯಸ್ಸಾಯ್ತು ಕಣೆ ನಿನಗೆ!” ಅಜ್ಜಿಯ ಕೆನ್ನೆ ಕೆಂಪಾಗಿತ್ತು. ಅವರು ಹೀಗೆ ನಕ್ಕಿದ್ದನ್ನು ನೇಸಾ ನೋಡಿಯೇ ಇರಲಿಲ್ಲ.

“ನೀನೇನು ತೊಟ್ಟಿಲಲ್ಲಿದ್ದೀಯಾ?” ಎಂದರು ಅತ್ತೆ.

ನೇಸಾ ಅತ್ತೆಯ ಸೂಪನ್ನು ಒಂದು ಚಮಚ ಬಾಯಿಗಿಟ್ಟಳು. ಉಪ್ಪಿತ್ತು. ಕ್ಯಾರೆಟ್ ಇತ್ತು. ಆದರೂ ಏನೋ ಇರಲಿಲ್ಲ. ಅವಳು ಚಮಚವನ್ನು ಮೆಲ್ಲಗೆ ಕೆಳಗಿಟ್ಟಳು. ಅತ್ತೆಯ ಮನೆಯಲ್ಲಿ ಇದ್ದದ್ದೂ ಒಂದೇ ಮೂಳೆ.

ಬಟ್ಟಲು ಹಿಡಿದು ಅವಳು ಅತ್ತೆಯ ಹತ್ತಿರ ಹೋಗಿ ಪಿಸುಗುಟ್ಟಿದಳು. “ಅತ್ತೆ, ಅಜ್ಜಿಗೆ ನಿಜ ಹೇಳ್ಬಿಡ್ಲಾ? ಪ್ಲೀಸ್?”

ಮೆಂಜಿಯಾ ಅತ್ತೆ ಅಜ್ಜಿಯ ಕಡೆ ನೋಡಿದರು. ಮತ್ತೊಂದು ಸೌಟು ಸಪ್ಪೆ ಸೂಪನ್ನು ನೇಸಾಳ ಬಟ್ಟಲಿಗೆ ಸುರಿದರು.

“ಬೇಡ ಅಂದ್ರೆ ಬೇಡ.”