ಮೊಹರಿಲ್ಲದ ಸಾರು

"ಆ ಪಾತ್ರೆ ಮುಚ್ಚಿಬಿಡಿ. ಅದನ್ನ ಮಕ್ಕಳಿಗೆ ಬಡಿಸೋ ಹಾಗಿಲ್ಲ," ಎಂದರು ಇನ್ಸ್‌ಪೆಕ್ಟರ್ ಮೇಡಂ.

ಮಾರ್ಲಾಳ ಅಜ್ಜಿ ಎತ್ತಿದ ಸೌಟನ್ನು ಹಾಗೇ ಹಿಡಿದು ನಿಂತಳು. ಶಾಲೆಯ ಊಟದ ಹಾಲ್‌ನಲ್ಲಿ ಐದನೇ ಕ್ಲಾಸಿನ ಹದಿನೆಂಟು ಮಕ್ಕಳು ಬಟ್ಟಲು ಹಿಡಿದು ಸಾಲಾಗಿ ನಿಂತಿದ್ದರು. ಎಲ್ಲರಿಗಿಂತ ಮುಂದೆ ಮಾರ್ಲಾ ಇದ್ದಳು.

ಮೇಡಂ ಊಟದ ತಪಾಸಣೆಗೆಂದು ಪಟ್ಟಣದಿಂದ ಬಂದಿದ್ದರು. ಸಾರಿನಲ್ಲಿರುವ ಈ ಕಾಡೆಮ್ಮೆಯ ಮಾಂಸಕ್ಕೆ ಸರಕಾರದ ಮೊಹರಿಲ್ಲ ಎಂದರು. ಮೊಹರು ಬೇಕಾದರೆ ಪ್ರಾಣಿಯನ್ನು ಲಾರಿಯಲ್ಲಿ ತುಂಬಿ ಇನ್ನೂರು ಮೈಲಿ ದೂರದ ಕಸಾಯಿಖಾನೆಗೆ ಸಾಗಿಸಬೇಕಂತೆ. ಬಯಲಲ್ಲಿ ಕೊಂದ ಮಾಂಸ ಶಾಲೆಯಲ್ಲಿ ನಡೆಯುವುದಿಲ್ಲವಂತೆ.

"ಮತ್ತೆ ಇದನ್ನೇನು ಮಾಡೋದು?" ಅಜ್ಜಿ ಕೇಳಿದಳು.

"ಚೆಲ್ಲಿಬಿಡಿ."

ಮಾರ್ಲಾಳ ಕಿವಿ ಬಿಸಿಯಾಯಿತು.

ಕಳೆದ ಮಂಗಳವಾರ ಇಡೀ ಕ್ಲಾಸು ಅಮೆರಿಕದ ಮೂಲನಿವಾಸಿಗಳಾದ ತಮ್ಮ ಲಕೋಟಾ ಜನರ ಕಾಡೆಮ್ಮೆ ಹಿಂಡು ಮೇಯುವ ಗುಡ್ಡಕ್ಕೆ ಹೋಗಿತ್ತು. ಹಿರಿಯರು ಮೊದಲು ಪ್ರಾರ್ಥನೆ ಹೇಳಿದರು. ಆಮೇಲೆ ಒಂದೇ ಗುಂಡು. ಗೂನು ಬೆನ್ನಿನ ಆ ದೊಡ್ಡ ಪ್ರಾಣಿ ಮಂಡಿಯೂರಿ ಮಲಗಿತು. ಮಧ್ಯಾಹ್ನದವರೆಗೂ ಮಕ್ಕಳು ಚರ್ಮ ಬಿಡಿಸುವುದನ್ನೂ ಮಾಂಸ ಕೊಯ್ಯುವುದನ್ನೂ ಕಲಿತರು.

ಮಾರ್ಲಾಳ ಜೊತೆಯ ಹುಡುಗ ಡಲ್ಲಸ್ ಮಾತಾಡಿದ್ದೂ ಅಲ್ಲಿಯೇ. ಚಳಿಗಾಲದಲ್ಲಿ ಅವನ ಅಣ್ಣ ತೀರಿಕೊಂಡ ಮೇಲೆ ಅವನು ಕ್ಲಾಸಿನಲ್ಲಿ ಬಾಯಿಯನ್ನೇ ಬಿಟ್ಟಿರಲಿಲ್ಲ. ಆ ದಿನ ಕಾಡೆಮ್ಮೆಯ ಕುತ್ತಿಗೆಯ ದಟ್ಟ ಕೂದಲೊಳಗೆ ಕೈಯಿಟ್ಟು, "ಇನ್ನೂ ಬೆಚ್ಚಗಿದೆ," ಅಂದಿದ್ದ. ಟೀಚರ್ ಆಚೆ ತಿರುಗಿ ಕಣ್ಣೊರೆಸಿಕೊಂಡಿದ್ದರು.

ಈಗ ಅದನ್ನು ಚೆಲ್ಲಬೇಕಂತೆ.

ಅಡುಗೆಯವರು ಚಿಕನ್ ನಗೆಟ್ಸ್ ತುಂಬಿದ ಟ್ರೇ ತಂದಿಟ್ಟರು. ಅವುಗಳ ಪ್ಯಾಕೆಟ್ಟಿನ ಮೇಲೆ ಮೊಹರಿತ್ತು. ಮಾರ್ಲಾ ಆ ಟ್ರೇಯನ್ನು ಎರಡೂ ಕೈಯಿಂದ ನೂಕಿಬಿಟ್ಟಳು. ಅದು ದಡಾರನೆ ಬಿತ್ತು. ನಗೆಟ್ಸ್ ನೆಲದ ತುಂಬ ಉರುಳಿದವು.

"ಎತ್ತು, ತಕೋಜ," ಎಂದಳು ಅಜ್ಜಿ. ಮೊಮ್ಮಗಳನ್ನು ಅವಳು ಕರೆಯುವುದೇ ಹಾಗೆ.

"ಎತ್ತಲ್ಲ."

"ಎತ್ತು. ಅದೂ ಊಟ."

ಮಾರ್ಲಾ ಮಂಡಿಯೂರಿ ಒಂದೊಂದಾಗಿ ಎತ್ತಿ ಹಾಕಿದಳು. ಅವಳಿಗೆ ಈಗ ಮೇಡಂಗಿಂತ ಅಜ್ಜಿಯ ಮೇಲೇ ಹೆಚ್ಚು ಸಿಟ್ಟು ಬಂದಿತ್ತು. ನಿನ್ನೆಯಿಡೀ ಒಲೆ ಮುಂದೆ ನಿಂತು ಸಾರು ಕಾಯಿಸಿದವಳು ಇವಳೇ ತಾನೆ? ಒಂದು ಮಾತಾದರೂ ಆಡಬಾರದೆ?

ಅಜ್ಜಿ ಮೇಡಂ ಕಡೆ ತಿರುಗಿದಳು. ಅವಳ ದನಿ ಏರಲಿಲ್ಲ.

"ಹಿಂದೆ ಬಿಳಿಯರು ಇದೇ ಬಯಲಲ್ಲಿ ನಮ್ಮ ಕಾಡೆಮ್ಮೆ ಹಿಂಡುಗಳನ್ನೆಲ್ಲ ಕೊಂದು ಕೊಳೆಯೋಕೆ ಬಿಟ್ರು. ನಾವು ಹಸಿವಿನಿಂದ ಸಾಯ್ಲಿ ಅಂತ. ಆಗ ಯಾರೂ ಮೊಹರು ಕೇಳ್ಲಿಲ್ಲ."

ಮೇಡಂ ಕೈಯಲ್ಲಿದ್ದ ಕಾಗದಗಳನ್ನು ನೋಡಿದರು. "ರೂಲ್ಸ್ ಮಾಡಿದ್ದು ನಾನಲ್ಲಮ್ಮ."

"ಗೊತ್ತು. ನಿಮ್ಮ ರೂಲ್ಸ್ ಎಲ್ಲೀವರೆಗೆ ನಡೆಯುತ್ತೆ, ಅಷ್ಟು ಹೇಳಿ."

ಮೇಡಂ ಕಾಗದಗಳನ್ನು ಮಡಚಿದರು. "ಶಾಲೆ ಬೇಲೀವರೆಗೆ," ಎಂದರು.

ಅಜ್ಜಿ ಪಾತ್ರೆಯ ಒಂದು ಹಿಡಿಗೆ ಟವೆಲ್ ಸುತ್ತಿದಳು. ಇನ್ನೊಂದು ಟವೆಲನ್ನು ಮಾರ್ಲಾಳ ಕೈಗೆ ಕೊಟ್ಟಳು. ಟೀಚರ್ ಮುಂದೆ ಹೋಗಿ ಗೇಟು ತೆರೆದರು.

ಪಾತ್ರೆ ಭಾರವಾಗಿತ್ತು. ಅಂಗಳದಲ್ಲಿ ಗಾಳಿ ಜೋರಾಗಿ ಬೀಸುತ್ತಿತ್ತು. ಇಬ್ಬರೂ ಅಡ್ಡಡ್ಡ ಹೆಜ್ಜೆ ಹಾಕುತ್ತ ಹೊರಟರು.

"ಉಂಚಿ," ಮಾರ್ಲಾ ಅಜ್ಜಿಯನ್ನು ಕರೆದು ಕೇಳಿದಳು, "ನಿಂಗೆ ಸಿಟ್ಟೇ ಬರಲ್ವಾ?"

"ಬಂದಿದೆ. ಅವಳ ಆ ಕಾಗದ ಎಲ್ಲ ಕಿತ್ತು ಒಲೆಗೆ ಹಾಕೋಷ್ಟು ಬಂದಿದೆ. ಈಗ ಮಾತಾಡಿಸ್ಬೇಡ, ಸಾರು ತುಳುಕುತ್ತೆ."

ಆಗ ಮಾರ್ಲಾ ಕೆಳಗೆ ನೋಡಿದಳು. ಪಾತ್ರೆಯ ಮುಚ್ಚಳ ಟಕಟಕ ಸದ್ದು ಮಾಡುತ್ತಿತ್ತು. ಅಲುಗುತ್ತಿದ್ದದ್ದು ತನ್ನ ಕೈ ಎಂದುಕೊಂಡಿದ್ದಳು. ಅಜ್ಜಿಯ ಕೈ ಅದಕ್ಕಿಂತ ಹೆಚ್ಚು ನಡುಗುತ್ತಿತ್ತು.

ಬೇಲಿಯ ಆಚೆ, ರಸ್ತೆಯ ಪಕ್ಕದ ಹುಲ್ಲಿನ ಮೇಲೆ ಪಾತ್ರೆ ಇಳಿಸಿದರು. ಮಕ್ಕಳು ಬಟ್ಟಲು ಹಿಡಿದು ಗೇಟು ದಾಟಿ ಬಂದರು. ಅಜ್ಜಿ ಒಬ್ಬೊಬ್ಬರಿಗೂ ಬಡಿಸಿದಳು. ಡಲ್ಲಸ್ ತನ್ನ ಪಾಲು ಮುಗಿಸಿ ಮತ್ತೆ ಬಂದು ನಿಂತ.

"ಇನ್ನೊಂದು ಸ್ವಲ್ಪ," ಅಂದ. "ಗೆಣಸು ಬೇಡ, ಬರೀ ಮಾಂಸ."

"ನೋಡಪ್ಪ, ಇವನಿಗೆ ಮಾತು ಬಂದಿದ್ದೇ ಬಂದಿದ್ದು, ಆರ್ಡರ್ ಶುರು ಮಾಡ್ಬಿಟ್ಟ," ಎಂದಳು ಅಜ್ಜಿ. ಮಕ್ಕಳು ನಕ್ಕರು. ಡಲ್ಲಸ್ ಕೂಡ ಸ್ವಲ್ಪ ನಕ್ಕ.

ಮೇಡಂ ಕಾರು ಅವರನ್ನು ನಿಧಾನವಾಗಿ ದಾಟಿ ಹೋಯಿತು. ಮಾರ್ಲಾ ಅದನ್ನೇ ದುರುಗುಟ್ಟಿ ನೋಡಿದಳು. ಅವಳ ಸಿಟ್ಟು ಇಳಿದಿರಲಿಲ್ಲ.

ಎಲ್ಲರಿಗೂ ಬಡಿಸಿ ಆದ ಮೇಲೆ ಅಜ್ಜಿ ತನ್ನ ಹಳೇ ಟ್ರಕ್ಕಿನ ಹಿಂಬದಿಯಲ್ಲಿ ಹೋಗಿ ಕೂತಳು. ಶಾಲೆಯ ಕಡೆಗೆ ಬೆನ್ನು ಹಾಕಿದ್ದಳು. ಅವಳ ಭುಜ ಅಲುಗುತ್ತಿತ್ತು.

ಮಾರ್ಲಾ ಸೌಟು ಎತ್ತಿಕೊಂಡಳು. ಪಾತ್ರೆಯ ತಳದಲ್ಲಿ ಉಳಿದಿದ್ದ ಸಾರನ್ನು ತನ್ನ ಬಟ್ಟಲಿಗೆ ತುಂಬಿದಳು. ಟ್ರಕ್ಕನ್ನೇರಿ ಅಜ್ಜಿಗೆ ಒತ್ತಿಕೊಂಡು ಕೂತಳು. ಅಜ್ಜಿ ಬಟ್ಟಲು ಹಿಡಿದಾಗ, ಅವಳ ಕೈಯ ಕೆಳಗೆ ತನ್ನ ಕೈಯನ್ನೂ ಇಟ್ಟು, ಅವಳು ಕುಡಿದು ಮುಗಿಸುವವರೆಗೂ ಬಿಡಲಿಲ್ಲ.